ಸಿಹಿ ಮರೆತ ಗುಡ್ಡ

ಹೂವಿಗೆ ಹಕ್ಕಿ ಬರುವುದು ನಿಂತುಹೋದರೆ ಏನಾದೀತು ಎಂದು ಕೇಳಿದರೆ, ಓದಿದವರು ಯಾರಾದರೂ ಹೂವು ಅಳಿದುಹೋಗುತ್ತದೆ ಎನ್ನುತ್ತಾರೆ. ನಾವೂ ಹಾಗೇ ತಿಳಿದು, ಗಂಟುಮೂಟೆ ಕಟ್ಟಿಕೊಂಡು ಸಾನ್ ಲಾಸಾರೋ ಗುಡ್ಡಕ್ಕೆ ಬಂದವರು. ಹಕ್ಕಿ ಇಲ್ಲದಿದ್ದರೇನು, ಹಕ್ಕಿಯಂಥದೊಂದನ್ನು ಮಾಡಿ ಬಿಟ್ಟರಾಯಿತು ಎಂಬುದು ಆಗಿನ ನಮ್ಮ ಹುಮ್ಮಸ್ಸು. ಮಾಡಿದೆವು, ಬಿಟ್ಟೆವು, ಹೂವು ಉಳಿಯಿತು. ಆಮೇಲೆ ಏನಾಯಿತು ಎಂದು ಹೇಳುವುದಕ್ಕೇ ಈಗ ಕೂತಿದ್ದೇನೆ.

ಮೆಕ್ಸಿಕೋ ದೇಶದ ಉತ್ತರದ ತುದಿಯಲ್ಲಿ, ಕಳ್ಳಿಗಿಡಗಳ ಮರುಭೂಮಿಯ ನಡುವೆ ಎದ್ದುನಿಂತ ಕಲ್ಲುಗುಡ್ಡ ಅದು. ಗಜೇಂದ್ರಗಡದಲ್ಲಿ ಹುಟ್ಟಿ ಬೆಳೆದ ನನಗೆ ಬೋಳು ಬಂಡೆಯೂ ಹೊಸದಲ್ಲ, ನೆತ್ತಿ ಸುಡುವ ಬಿಸಿಲೂ ಹೊಸದಲ್ಲ. ಹೊಸದಾಗಿ ಕಂಡದ್ದು ಆ ಹೂವು. ಬಂಡೆಯ ಬಿರುಕಿನಲ್ಲಿ ಹಿಡಿ ಮಣ್ಣು ಸಿಕ್ಕರೆ ಸಾಕು, ಮೊಣಕಾಲೆತ್ತರದ ಗಿಡವೊಂದು ಎದ್ದು, ಕಡ್ಡಿಯ ಉದ್ದಕ್ಕೂ ಕಿರುಬೆರಳಿನಷ್ಟು ಉದ್ದದ ಕೆಂಪು ಕೊಳವೆಗಳನ್ನು ಇಳಿಬಿಡುತ್ತದೆ. ಊರಿನವರು ತಮ್ಮ ಭಾಷೆಯಲ್ಲಿ ಅದನ್ನು ಪುಟ್ಟ ತುತ್ತೂರಿ ಎನ್ನುತ್ತಾರೆ. ನಾವು ತುತ್ತೂರಿ ಹೂವು ಎಂದೆವು. ಜೇನುನೊಣಕ್ಕೆ ಅದು ಒಗ್ಗುವುದಿಲ್ಲ. ಕೆಂಪು ಬಣ್ಣ ಅದರ ಕಣ್ಣಿಗೆ ಸರಿಯಾಗಿ ಕಾಣದು, ಕೂರುವುದಕ್ಕೆ ಅಗಲವಾದ ಎಸಳಿಲ್ಲ, ಮಕರಂದವಂತೂ ಕೊಳವೆಯ ತಳದಲ್ಲಿ. ಹಮ್ಮಿಂಗ್ ಬರ್ಡ್‌ಗೆಂದೇ ಅಳತೆ ಕೊಟ್ಟು ಹೊಲಿಸಿದಂತಿತ್ತು. ಹೆಬ್ಬೆರಳಿನಷ್ಟು ಹಕ್ಕಿ ಗಾಳಿಯಲ್ಲಿ ನಿಂತಲ್ಲೇ ನಿಂತು ಕೊಕ್ಕು ಒಳಗಿಟ್ಟು ಹೀರುವಾಗ ಅದರ ಹಣೆಗೆ ಪರಾಗ ಮೆತ್ತಿಕೊಳ್ಳುತ್ತಿತ್ತು. ಅದೇ ಹಣೆ ಮುಂದಿನ ಹೂವಿಗೆ ತಾಗಿದರೆ ಅಲ್ಲಿ ಬೀಜ ಕಟ್ಟುತ್ತಿತ್ತು.

ಈ ಹಕ್ಕಿಗಳು ದಕ್ಷಿಣದ ಕಾಡುಗಳಿಂದ ಹೊರಟು ಪ್ರತಿ ವಸಂತಕ್ಕೆ ಗುಡ್ಡಕ್ಕೆ ಬರುತ್ತಿದ್ದವು. ಒಂದರ ಹಿಂದೊಂದು ವರ್ಷ ಬೀಸಿದ ಬಿಸಿಗಾಳಿಗೆ ನಡುದಾರಿಯ ಹೂಗಳೆಲ್ಲ ಒಣಗಿದವು. ಸಾಲದ್ದಕ್ಕೆ ಒಂದು ರೋಗವೂ ಬಿತ್ತು. ಅಳಿದುಳಿದ ಹಕ್ಕಿಗಳನ್ನು ಹಿಡಿದು ಕರಾವಳಿಯ ಒಂದು ಕೇಂದ್ರದಲ್ಲಿ ಗಾಜಿನ ಮನೆಯೊಳಗೆ ಸಾಕತೊಡಗಿದರು.

ನನ್ನ ಗಂಡ ಫಕ್ಕೀರೇಶ ಸಸ್ಯವಿಜ್ಞಾನಿ. ನಾನು ದಾನೇಶ್ವರಿ, ಧಾರವಾಡದಲ್ಲಿ ರೆಕ್ಕೆ ಬಡಿಯುವ ಪುಟ್ಟ ಯಂತ್ರಗಳನ್ನು ಮಾಡುತ್ತಿದ್ದವಳು. ಅವರಿಗೆ ಹೂವು ಉಳಿಯಬೇಕಿತ್ತು, ನನಗೆ ಯಂತ್ರ ಹಾರಬೇಕಿತ್ತು. ಮದುವೆಯಾಗಿ ವರ್ಷ ತುಂಬುವ ಮೊದಲೇ ಇಬ್ಬರೂ ಒಂದೇ ಕೆಲಸಕ್ಕೆ ಸಿಕ್ಕಿಬಿದ್ದೆವು.

ಬಂದ ಮೊದಲ ದಿನ ನೆನಪಾದರೆ ಈಗಲೂ ಮನಸ್ಸು ಹಗುರವಾಗುತ್ತದೆ. ಗುಡ್ಡದ ಬುಡದಲ್ಲಿ ನಮ್ಮ ಸಂಶೋಧನಾ ಕೇಂದ್ರ, ಅದರ ಪಕ್ಕದಲ್ಲೇ ರೆಮೆದಿಯೋಸಳ ಕ್ಯಾಂಟೀನು. ನನ್ನದೇ ಓರಗೆಯ ಹೆಂಗಸು, ಗಟ್ಟಿ ಗಂಟಲು, ಮೈತುಂಬ ಕೆಲಸ. ಆಕೆ ಮಾತಾಡುವುದು ಸ್ಪ್ಯಾನಿಷ್. ಆದರೆ ಸೊಂಟಕ್ಕೆ ಕೈಯಿಟ್ಟು ನಿಲ್ಲುವ ಆ ಗತ್ತು, ಮಾತಿನ ಆ ರಭಸ ಎಲ್ಲ ನಮ್ಮೂರಿನದೇ ಆದ್ದರಿಂದ ನನ್ನ ಕಿವಿಗೆ ಅದು ಗಜೇಂದ್ರಗಡದ ಮಾತಾಗಿಯೇ ಬೀಳುತ್ತದೆ. ಇಲ್ಲಿಯೂ ಹಾಗೇ ಬರೆಯುತ್ತೇನೆ.

ಊರಿಗೆ ಹೊಸಬರು ಬಂದರೆ ಕುಡಿಯುವ ನೀರಿಗಿಂತ ಮೊದಲು ಒಂದು ತುತ್ತೂರಿ ಹೂವು ಕೊಡುವುದು ಅಲ್ಲಿಯ ಪದ್ಧತಿ. ರೆಮೆದಿಯೋಸ್ ನಮ್ಮಿಬ್ಬರ ಕೈಗೂ ಒಂದೊಂದು ಇಟ್ಟು, "ಹಿಂದಿನ ತುದಿ ಕಚ್ಚಿ ಚೀಪ್ರಿ" ಎಂದಳು. ಚೀಪಿದೆವು. ನಾಲಿಗೆಗೆ ತಣ್ಣನೆಯ ದಪ್ಪ ಹನಿಯೊಂದು ಬಿತ್ತು. ಎಳವೆಯಲ್ಲಿ ಹೊಲದ ಬದುವಿನ ತುಂಬೆ ಹೂ ಕಿತ್ತು ಚೀಪಿದವರಿಗೆ ಗೊತ್ತು, ಆ ಸಿಹಿ ಬಂತೋ ಇಲ್ಲವೋ ಎನ್ನುವಷ್ಟರಲ್ಲಿ ಹೋಗಿಬಿಡುತ್ತದೆ. ಇದು ಹೋಗಲಿಲ್ಲ, ಬಾಯ್ತುಂಬ ನಿಂತಿತು.

"ದಾನೀ, ತುಂಬಿ ಹೂವಿನ ಮುತ್ಯಾ ಐತಿ ಇದು!" ಎಂದು ಫಕ್ಕೀರೇಶ ಇನ್ನೊಂದಕ್ಕೆ ಕೈಚಾಚಿದರು.

"ಒಬ್ಬರಿಗೆ ಒಂದ. ಉಳದದ್ದು ಹಕ್ಕಿಗೆ" ಎಂದು ರೆಮೆದಿಯೋಸ್ ಕೈಮೇಲೆ ಚಟ್ಟನೆ ಹೊಡೆದಳು. ಹಕ್ಕಿಗಳು ಹೋಗಿ ಎರಡು ವಸಂತ ಕಳೆದಿದ್ದರೂ ಆಕೆಗೆ ಆ ಮಾತು ಬಿಟ್ಟಿರಲಿಲ್ಲ.

ಮುಂದಿನ ವರ್ಷ ನನ್ನ ಯಂತ್ರಗಳು ಹಾರಿದವು. ಅವಕ್ಕೆ ಗುಂಯಿ ಎಂದು ಹೆಸರಿಟ್ಟೆ. ಬೆನ್ನಿಗೆ ಸೂರ್ಯನ ಶಕ್ತಿ ಹಿಡಿಯುವ ತೆಳು ಹಾಳೆ, ಕೆಂಪನ್ನು ಗುರುತಿಸುವ ಕಣ್ಣು, ಕೊಳವೆಯೊಳಗೆ ದಾರಿ ಹಿಡಿಯಲು ಕೊಕ್ಕು, ಪರಾಗ ಮೆತ್ತಲು ಹಣೆಯ ಮೇಲೆ ಮೃದುವಾದ ಕೂದಲು. ಅರಳಿದ ಹೂವು ಯಾವುದೇ ಇರಲಿ, ಗುಂಯಿ ಬಿಡುತ್ತಿರಲಿಲ್ಲ. ಹಸಿವಿಲ್ಲ, ದಣಿವಿಲ್ಲ, ಗಾಳಿಗೆ ಸೋತು ಕೂರುವುದಿಲ್ಲ. ಒಂದೊಂದು ಹೂವಿನ ಬೀಜವನ್ನೂ ಎಣಿಸಿ ಲೆಕ್ಕ ಹಿಡಿಯಬೇಕಾದ್ದರಿಂದ ಫಕ್ಕೀರೇಶ ಒಂದು ನಿಯಮ ಮಾಡಿದರು: ಇನ್ನು ಮೇಲೆ ಯಾರೂ ಹೂ ಕೀಳಬಾರದು. ರೆಮೆದಿಯೋಸ್ ಗೊಣಗುತ್ತಲೇ ಒಪ್ಪಿದಳು. ಅಂದಿನಿಂದ ಹೊಸಬರಿಗೆ ಚಮಚದಲ್ಲಿ ಬೆಲ್ಲದ ಪಾಕ ಕೊಡುವುದು ರೂಢಿಯಾಯಿತು.

ಗುಡ್ಡ ಕೆಂಪಾಯಿತು. ಹಕ್ಕಿಗಳಿದ್ದ ಕಾಲದಲ್ಲೂ ಇಷ್ಟು ಕೆಂಪಿರಲಿಲ್ಲ ಎಂದು ಊರಿನ ಹಿರಿಯರು ಹೇಳಿದಾಗ ನಾವಿಬ್ಬರೂ ಉಬ್ಬಿಹೋದೆವು. ಬಿರುಕು ಬಿರುಕಿನಲ್ಲೂ ಗಿಡ. ವಸಂತ ಬಂದರೆ ನೋಡುವುದಕ್ಕೆ ಬಸ್ಸು ತುಂಬ ಜನ. ಬಿಡುವಿನ ದಿನ ನಾವಿಬ್ಬರೂ ಮನೆಯ ಮುಂದೆ ಕೂತು, ಅಲ್ಲಿ ಸಿಗುವ ಜೋಳದಲ್ಲೇ ತಟ್ಟಿದ ರೊಟ್ಟಿ ಮುರಿದು ತಿನ್ನುತ್ತ ಗುಡ್ಡ ನೋಡುತ್ತಿದ್ದೆವು. ಮಕ್ಕಳಿಲ್ಲದ ನಮಗೆ ಆ ಗುಡ್ಡವೇ ಮಗುವಾಗಿತ್ತು ಎಂದರೆ ಅದರಲ್ಲಿ ಉತ್ಪ್ರೇಕ್ಷೆಯೇನೂ ಇಲ್ಲ. ಹೀಗೆ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಳೆಯಿತು.

ಹೀಗಿರುವಾಗ ಒಂದು ವಸಂತದ ಬೆಳಿಗ್ಗೆ ನಿಯಂತ್ರಣ ಕೊಠಡಿಯ ಪರದೆಯ ಮೇಲೆ ಡಾಕ್ಟರ್ ಇನೆಸ್ ಕಾಣಿಸಿಕೊಂಡರು. ಕರಾವಳಿಯ ಹಕ್ಕಿ ಕೇಂದ್ರದ ಮುಖ್ಯಸ್ಥೆ, ಅಳೆದು ತೂಗಿ ಮಾತಾಡುವ ಹೆಂಗಸು. ಅಂದು ಮಾತ್ರ ನಮಸ್ಕಾರವನ್ನೂ ಹೇಳದೆ ಶುರುಮಾಡಿದರು.

"ರೋಗ ಪೂರ್ತಿ ಹೋಗಿದೆ. ದಾರಿಯ ಹೂಗಳೂ ಚಿಗುರಿವೆ. ಮುಂದಿನ ವಸಂತಕ್ಕೆ ಹಕ್ಕಿಗಳನ್ನು ನಿಮ್ಮ ಗುಡ್ಡದಲ್ಲೇ ಬಿಡುತ್ತೇವೆ" ಎಂದರು.

ಫಕ್ಕೀರೇಶ ಕುರ್ಚಿ ಉರುಳಿಸಿಕೊಂಡು ಎದ್ದು ಹೊರಗೆ ಓಡಿದರು. ಅರವತ್ತು ಹತ್ತಿರವಾದ ಮನುಷ್ಯ, ಹುಡುಗನ ಹಾಗೆ ಬಂಡೆ ಹತ್ತಿ ಒಂದು ಹೂವು ಕಿತ್ತು ತಂದರು. ತಾವು ಮಾಡಿದ ನಿಯಮವನ್ನು ತಾವೇ ಮುರಿದದ್ದು ಅದೇ ಮೊದಲು.

"ಬಾಯಿ ತಗಿ, ದಾನೀ. ಇವತ್ತು ತಪ್ಪಿಲ್ಲ."

ಚೀಪಿದೆ. ಹಸಿ ಹುಲ್ಲು ಅಗಿದಂತಾಯಿತು. ಇನ್ನೊಮ್ಮೆ ಜೋರಾಗಿ ಎಳೆದೆ.

"ಏನೂ ಇಲ್ಲಲ್ರೀ."

"ವಯಸ್ಸಾತು ನಿನಗ, ನಾಲಗಿ ಸತ್ತೈತಿ" ಎಂದು ನಗುತ್ತ ಅವರೂ ಒಂದು ಚೀಪಿದರು. ನಗು ನಿಂತಿತು. ಇನ್ನೊಂದು ಕಿತ್ತರು, ಮತ್ತೊಂದು ಕಿತ್ತರು. ಸ್ವಲ್ಪ ಹೊತ್ತಿನಲ್ಲಿ ಇಬ್ಬರೂ ಇಳಿಜಾರಿನ ತುಂಬ ಓಡಾಡಿ ಹೂ ಕಿತ್ತು ಚೀಪಿ ಉಗುಳುತ್ತಿದ್ದೆವು. ಕೆಳಗೆ ಬಸ್ಸಿನ ಜನ ನಮ್ಮನ್ನು ನೋಡಿ ಇವರಿಗೆ ಬುದ್ಧಿಭ್ರಮಣೆಯಾಗಿದೆ ಎಂದುಕೊಂಡಿರಬೇಕು. ಯಾವ ಹೂವಿನಲ್ಲೂ ಸಿಹಿ ಇರಲಿಲ್ಲ.

ಪ್ರಯೋಗಾಲಯಕ್ಕೆ ತಂದು ಗಾಜಿನ ಎಳೆನಳಿಕೆಯಲ್ಲಿ ಎಳೆದು ನೋಡಿದೆವು. ನಾಲಿಗೆ ಹೇಳಿದ್ದು ನಿಜವಾಗಿತ್ತು. ಕಾರಣ ಹೊಳೆಯುವುದಕ್ಕೆ ಬಹಳ ಹೊತ್ತು ಬೇಕಾಗಲಿಲ್ಲ. ಮಕರಂದ ಮಾಡುವುದಕ್ಕೆ ಗಿಡಕ್ಕೆ ಖರ್ಚಿದೆ, ಎಲೆಯಲ್ಲಿ ದುಡಿದ ಸಕ್ಕರೆಯನ್ನು ಅದು ಹೂವಿಗೆ ಸುರಿಯಬೇಕು. ಹಕ್ಕಿ ಬರುವುದು ಸಿಹಿಗಾಗಿ, ಆದ್ದರಿಂದ ಆ ಖರ್ಚು ಗಿಟ್ಟುತ್ತಿತ್ತು. ಗುಂಯಿ ಬರುವುದು ಕೆಂಪಿಗಾಗಿ. ಸಿಹಿ ಕೊಟ್ಟ ಗಿಡಕ್ಕೂ ಬರುತ್ತದೆ, ಕೊಡದ ಗಿಡಕ್ಕೂ ಬರುತ್ತದೆ. ಕೊಡದೆ ಉಳಿಸಿಕೊಂಡ ಗಿಡ ಅದೇ ಸಕ್ಕರೆಯಲ್ಲಿ ಇನ್ನೂ ನಾಲ್ಕು ಬೀಜ ಹೆಚ್ಚು ಕಟ್ಟಿತು. ಅದರ ಮಕ್ಕಳು ಗುಡ್ಡ ತುಂಬಿದವು. ಪೀಳಿಗೆಯಿಂದ ಪೀಳಿಗೆಗೆ ಸಿಹಿ ಬತ್ತುತ್ತಾ ಬಂದು, ನಾವು ಹಿಗ್ಗಿ ನೋಡುತ್ತಿದ್ದ ಆ ಕೆಂಪೆಲ್ಲ ಬರೀ ಬಣ್ಣವಾಗಿ ನಿಂತಿತ್ತು. ಬೀಜ ಎಣಿಸಿದ್ದೆವು, ಎತ್ತರ ಅಳೆದಿದ್ದೆವು, ಬಣ್ಣವನ್ನು ಯಂತ್ರಕ್ಕೆ ಕಲಿಸಿದ್ದೆವು. ಚೀಪಿ ನೋಡುವುದನ್ನು ಮಾತ್ರ ನಾವೇ ನಿಷೇಧಿಸಿದ್ದೆವು.

ರೆಮೆದಿಯೋಸಳಿಗೆ ಹೇಳಿದಾಗ ಆಕೆ ಒಲೆಯ ಮುಂದಿನಿಂದ ತಿರುಗಿ, "ಅಂದ್ರ ಹಕ್ಕಿ ಬಂದ್ರ ಉಪವಾಸನ?" ಎಂದಳು.

ಹಮ್ಮಿಂಗ್ ಬರ್ಡ್ ದಿನವಿಡೀ ಹೀರುತ್ತಲೇ ಇರಬೇಕು. ಒಂದು ಹೊತ್ತು ತಪ್ಪಿದರೂ ಅದಕ್ಕೆ ಉಳಿಗಾಲವಿಲ್ಲ. ದೂರದಿಂದ ಕೆಂಪು ನೋಡಿ ಇಳಿದ ಹಕ್ಕಿ ಒಂದಾದ ಮೇಲೊಂದು ಬರಿದು ಹೂವಿಗೆ ಕೊಕ್ಕು ಹಾಕಿ, ಕೊನೆಗೆ ಬಂಡೆಯ ಮೇಲೆ ಬೀಳುವುದು ನನ್ನ ಕಣ್ಣಿಗೆ ಕಟ್ಟಿತು. ನಾನು ಹೌದೆಂದು ತಲೆಯಾಡಿಸಿದೆ.

ಇನೆಸ್‌ಗೆ ತಿಳಿಸಿದೆವು. ಅವರು ಬೈಯಲಿಲ್ಲ. "ಗಾಜಿನ ಮನೆಯಲ್ಲಿ ಹುಟ್ಟಿದ ಮರಿಗಳು ಸೀಸೆಯ ನಳಿಕೆಗೇ ಒಗ್ಗಿಹೋಗುತ್ತಿವೆ. ಮೂರು ವಸಂತ ಕಾಯಬಲ್ಲೆ. ಆಮೇಲೆ ಇವು ಹೂವನ್ನು ಕಂಡರೂ ಗುರುತಿಸಲಾರವು" ಎಂದರು.

ಅಂದು ಮಧ್ಯಾಹ್ನ ನಾನು ಗುಂಯಿಗಳ ಹಾರಾಟದ ನಕ್ಷೆ ತೆರೆದು ಕೂತೆ. ಗುಡ್ಡವಿಡೀ ಗೆರೆಗಳಿಂದ ತುಂಬಿತ್ತು. ಪಶ್ಚಿಮಕ್ಕೆ ಒಂದು ಕಡೆ ಮಾತ್ರ ಖಾಲಿ. ಆಳವಾದ, ಇಕ್ಕಟ್ಟಾದ ಕಂದರವದು. ನಮ್ಮ ಸಂಕೇತಗಳು ಒಳಗೆ ತಲುಪದ ಕಾರಣ ಗುಂಯಿ ಅಲ್ಲಿಗೆ ಹೋಗಿಯೇ ಇರಲಿಲ್ಲ. ಮರುದಿನ ಇಬ್ಬರೂ ಹಗ್ಗ ಹಿಡಿದು ಇಳಿದೆವು. ಅಲ್ಲೊಂದು ಇಲ್ಲೊಂದು ಬಡಕಲು ಗಿಡ. ಒಂದು ಹೂವು ಕಿತ್ತು ಚೀಪಿದೆ. ಆ ಹಳೆಯ ದಪ್ಪ ಹನಿ ನಾಲಿಗೆಯ ಮೇಲೆ ಬಿದ್ದಾಗ ನನಗೆ ಅಳು ತಡೆಯಲಾಗಲಿಲ್ಲ. ಸಂಜೆಯವರೆಗೆ ಕಾದು ನೋಡಿದರೆ ಉದ್ದ ಸೊಂಡಿಲಿನ ದೊಡ್ಡ ಪತಂಗವೊಂದು ಬಂತು. ಹಕ್ಕಿಯಷ್ಟು ಚುರುಕಿಲ್ಲ, ಆದರೂ ಸಿಹಿಯಿದ್ದಲ್ಲಿಗೇ ಬರುವ ಜೀವ. ಅದರ ದಯದಿಂದ ಅಷ್ಟು ಗಿಡಗಳು ಸಿಹಿ ಉಳಿಸಿಕೊಂಡಿದ್ದವು.

ಮನೆಗೆ ಬಂದ ಮೇಲೆ ಜಗಳ ಶುರುವಾಯಿತು.

"ಗುಂಯಿಗೆ ಒಂದು ನಾಲಗಿ ಹಚ್ಚತೀನಿ" ಎಂದೆ. "ಹೂವಿನಾಗ ಸಿಹಿ ಐತಿ ಅಂದ್ರ ಅಷ್ಟ ಪರಾಗ ಮುಟ್ಲಿ. ಇಲ್ಲಾಂದ್ರ ಹಿಂದ ಸರೀಲಿ. ಕಂದರದ ಬೀಜ ತಂದು ಬಿತ್ತೂಣು."

"ಉಳದ ಗಿಡ?"

"ಬೀಜ ಕಟ್ಟೂದಿಲ್ಲ."

"ಅಂದ್ರ ಗುಡ್ಡ ಆರ್ತೈತಿ." ಫಕ್ಕೀರೇಶ ತಟ್ಟೆ ಸರಿಸಿದರು. "ಅದರ ಬದಲಿ ಗುಂಯಿ ಹೊಟ್ಟಿಗೆ ಸಕ್ಕರಿ ನೀರು ತುಂಬು. ಹೂವಿಗೊಂದು ಹನಿ ಹಾಕಿ ಬರ್ಲಿ. ಹಕ್ಕಿನೂ ಉಳೀತಾವ, ಕೆಂಪೂ ಉಳೀತೈತಿ."

"ಎಷ್ಟು ವರ್ಷ ಹಾಕಬೇಕು?"

"ನಾವು ಇರೂತನಕ."

"ಆಮ್ಯಾಲೆ?"

ಅವರು ಎದ್ದು ಕಿಟಕಿಯ ಹತ್ತಿರ ಹೋಗಿ ಗುಡ್ಡದತ್ತ ನೋಡಿದರು. "ನಮ್ಮ ಹರೇದ ವಯಸ್ಸೆಲ್ಲಾ ಇಲ್ಲೇ ಸವಸೀವಿ, ದಾನೀ. ಆ ಗಿಡಾ ಎರಡು ಮೂರು ವರ್ಷಕ್ಕ ಸಾಯ್ತಾವ. ಮತ್ತ ಆ ಗುಡ್ಡ ಅಷ್ಟು ಕೆಂಪಾಗೂದು ನೋಡಾಕ ನಾ ಇರೂದಿಲ್ಲ" ಎಂದರು. ಅವರ ಕಣ್ಣು ತುಂಬಿತ್ತು. ಅವರು ಹೇಳಿದ್ದು ಸುಳ್ಳಾಗಿರಲಿಲ್ಲ. ನಾನೂ ಇರುವುದಿಲ್ಲ.

ಮುಂದಿನ ಕೆಲವು ದಿನ ಮನೆಯಲ್ಲಿ ಮಾತು ಬಂದ್. ಅವರ ರೊಟ್ಟಿ ಅವರೇ ತಟ್ಟಿಕೊಂಡರು, ಶೇಂಗಾ ಚಟ್ನಿಯ ಡಬ್ಬಿ ಮೇಜಿನ ಆ ತುದಿಗೆ ಹೋಯಿತು. ನಾನು ಪ್ರಯೋಗಾಲಯದಲ್ಲಿ ಒಬ್ಬಳೇ ಕೂತು ಕೂದಲಿನಷ್ಟು ತೆಳ್ಳಗಿನ ಗಾಜಿನ ಎಳೆಯನ್ನು ಗುಂಯಿಯ ಕೊಕ್ಕಿನೊಳಗೆ ಕೂರಿಸಲು ಒದ್ದಾಡುತ್ತಿದ್ದೆ. ಎಳೆಯೊಳಗೆ ಬೆಳಕು ಹಾಯಿಸಿದರೆ ಸಕ್ಕರೆ ತಾಗಿದಾಗ ಅದು ಬೇರೆ ರೀತಿ ಬಾಗುತ್ತದೆ, ಅದೇ ನಾಲಿಗೆ. ಅವರ ಒಪ್ಪಿಗೆಯಿಲ್ಲದೆ ಹಾರಿಸುವ ಧೈರ್ಯ ನನಗಿರಲಿಲ್ಲ. ಗುಡ್ಡ ನನ್ನೊಬ್ಬಳದಲ್ಲವಲ್ಲ.

ಒಂದು ಮಧ್ಯಾಹ್ನ ಫಕ್ಕೀರೇಶ ಒಳಗೆ ಬಂದರು. ಬಟ್ಟೆಗೆಲ್ಲ ಕಂದರದ ಧೂಳು, ಮೊಣಕೈ ತರಚಿತ್ತು. ಎದುರಿನ ಕುರ್ಚಿಯಲ್ಲಿ ಕೂತು ಊಟದ ಡಬ್ಬಿ ತೆರೆದರು. ಒಳಗೆ ಬಲಿತ ಬೀಜದ ಕಾಯಿಗಳಿದ್ದವು.

"ನಿನ್ನೆನೂ ಹೋಗಿದ್ದೆ. ಮೊನ್ನೆನೂ" ಎಂದರು. "ಅಲ್ಲಿ ಕುಂತು ಚೀಪಿದೆ. ಹಕ್ಕಿ ಬಂದ್ರ ಇದನ್ನ ಕೊಡಬೇಕಲ್ಲ, ಸೀಸೆ ನೀರು ಕೊಟ್ರ ಅವು ಗಾಜಿನ ಮನಿ ಬಿಟ್ಟು ಬಂದಂಗ ಏನಾತು? ನಿನ್ನ ನಾಲಗಿ ಎಲ್ಲಿಗೆ ಬಂತು?"

"ನನ್ನ ನಾಲಗಿ ಗಟ್ಟಿನ ಐತಿ. ಗುಂಯೀದು ಇನ್ನೂ ಹೊಂದವಲ್ದು" ಎಂದೆ. ಅವರು ನಕ್ಕರು. ಚಟ್ನಿ ಡಬ್ಬಿ ಮೇಜಿನ ನಡುವಿಗೆ ವಾಪಸು ಬಂತು.

ನಾಲಿಗೆ ಹಚ್ಚಿದ ಗುಂಯಿಗಳು ಹಾರಿದ ಮೊದಲ ವಸಂತ ಯಾರಿಗೂ ಏನೂ ಗೊತ್ತಾಗಲಿಲ್ಲ. ಎರಡನೆಯದರಲ್ಲಿ ಗುಡ್ಡದ ಮೇಲೆ ಅಲ್ಲಲ್ಲಿ ಕಂದು ಮಚ್ಚೆ ಬಿದ್ದವು. ಮೂರನೆಯದರ ಹೊತ್ತಿಗೆ ಹಳೆಯ ಗಿಡಗಳು ಬಹುಪಾಲು ಹೋಗಿ, ಬಂಡೆ ಬಂಡೆಯಾಗಿಯೇ ಕಾಣತೊಡಗಿತು. ಬಸ್ಸು ಬರುವುದು ನಿಂತಿತು. ರೆಮೆದಿಯೋಸ್ ಸೊಂಟಕ್ಕೆ ಕೈಯಿಟ್ಟು ನಿಂತು, "ಒಲಿಯಾನ ಕೆಂಡ ಇದ್ದಂಗಿತ್ತು. ಈಗ ನೋಡು, ತಲಿ ಬೋಳಿಸಿಕೊಂಡ ಸನ್ಯಾಸಿ ಆಗೇತಿ. ನನ್ನ ಅಂಗಡಿಗೆ ಯಾರು ಬರ್ತಾರ?" ಎಂದು ನಮ್ಮಿಬ್ಬರನ್ನೂ ಝಾಡಿಸಿದಳು. ಹಾಗೆ ಬೈದವಳೇ ಅಂಗಡಿ ಮುಚ್ಚಿ ನಮ್ಮ ಜೊತೆ ಬಿರುಕುಗಳಿಗೆ ಬೀಜ ಹಾಕಲು ಬರುತ್ತಿದ್ದಳು. ಫಕ್ಕೀರೇಶ ಮನೆಯ ಮುಂದಿನ ಕುರ್ಚಿಯನ್ನು ಗುಡ್ಡಕ್ಕೆ ಬೆನ್ನಾಗಿ ತಿರುಗಿಸಿ ಕೂರುತ್ತಿದ್ದರು.

ಕಂದರದ ಬೀಜದಿಂದ ಹುಟ್ಟಿದ ಗಿಡಗಳು ಅಲ್ಲೊಂದು ಗುಂಪು ಇಲ್ಲೊಂದು ಗುಂಪು ಹೂ ಬಿಟ್ಟವು. ಒಟ್ಟು ಗುಡ್ಡಕ್ಕೆ ಹೋಲಿಸಿದರೆ ಹಿಡಿಯಷ್ಟೂ ಇರಲಿಲ್ಲ. ಇವು ಸಾಕಾಗುತ್ತವೆಯೇ ಎಂದು ಇನೆಸ್ ಕೇಳಿದಾಗ ನಾನು ಗೊತ್ತಿಲ್ಲ ಎಂದೆ. ಕಾಯಲು ಇನ್ನು ಸಮಯವೂ ಇರಲಿಲ್ಲ.

ಒಂದು ನಸುಕಿನಲ್ಲಿ ಪೆಟ್ಟಿಗೆಗಳು ಬಂದವು. ಬಾಗಿಲು ತೆರೆದಾಗ ಹಕ್ಕಿಗಳು ಸಿಡಿದ ಸಾಸಿವೆಯಂತೆ ದಿಕ್ಕು ದಿಕ್ಕಿಗೆ ಹಾರಿಹೋದವು. ಆಮೇಲೆ ಒಂದೂ ಕಣ್ಣಿಗೆ ಬೀಳಲಿಲ್ಲ. ಆ ದಿನ ಹೋಯಿತು, ಮರುದಿನವೂ ಹೋಯಿತು. ಊಟ ಸೇರಲಿಲ್ಲ. ರೆಮೆದಿಯೋಸ್ ತಂದಿಟ್ಟ ಕಾಫಿ ಆರಿ ಕೆನೆಗಟ್ಟುತ್ತಿತ್ತು. ಫಕ್ಕೀರೇಶ ದುರ್ಬೀನು ಹಿಡಿದು ಬೆಳಗಿನಿಂದ ಸಂಜೆಯವರೆಗೆ ಇಳಿಜಾರಿನಲ್ಲೇ ಇರುತ್ತಿದ್ದರು. ನಾನು ನಿಯಂತ್ರಣ ಕೊಠಡಿ ಬಿಡಲಿಲ್ಲ. ಎಲ್ಲವೂ ಹಸಿವಿನಿಂದ ಎಲ್ಲೋ ಬಿದ್ದುಹೋಗಿರಬೇಕು ಎಂಬ ಭಯ ಇಬ್ಬರಿಗೂ ಇತ್ತು.

ಮೂರನೆಯ ದಿನ ಬಿಸಿಲೇರುವ ಹೊತ್ತಿಗೆ ಒಂದು ಗುಂಯಿಯಿಂದ ಎಚ್ಚರಿಕೆ ಬಂತು: ದಾರಿಗೆ ಅಡ್ಡಿ. ಗಾಳಿಗೆ ಕೊಂಬೆ ಆಡಿದರೂ ಹೀಗೆ ಬರುತ್ತದೆ. ಅಡ್ಡಿ ಬಂದರೆ ಹಿಂದೆ ಸರಿ, ಸ್ವಲ್ಪ ತಡೆದು ಮತ್ತೆ ಹೋಗು ಎಂದು ನಾನೇ ಕಲಿಸಿದ್ದೆ. ಅದು ಸರಿಯಿತು, ಹೋಯಿತು. ಮತ್ತೆ ಎಚ್ಚರಿಕೆ. ಸರಿಯಿತು, ಹೋಯಿತು. ಮತ್ತೆ. ನಾನು ಅದರ ಕಣ್ಣನ್ನು ಪರದೆಗೆ ತೆಗೆದುಕೊಂಡೆ. ಒಂದು ಕೆಂಪು ತುತ್ತೂರಿ ಕಂಡಿತು. ಮರುಕ್ಷಣ ಹಸಿರು ಮಿಂಚಿನಂಥದ್ದೇನೋ ನೇರ ಕಣ್ಣಿಗೇ ನುಗ್ಗಿ ಚಿತ್ರವೆಲ್ಲ ಗಿರಗಿರ ತಿರುಗಿತು.

ಪಕ್ಕದ ವೈರ್‌ಲೆಸ್ ಕಿರುಚಿತು. "ದಾನೀ! ನಿನ್ನ ಗುಂಯಿ ಹೊಡಸ್ಕೊಳ್ಳಾಕತ್ತೈತಿ!"

"ಯಾರು ಹೊಡ್ಯಾಕತ್ತಾರ?"

"ಯಾರು ಅಂದ್ರ? ಮಾಲಕ ಬಂದಾನ!"

ಹಮ್ಮಿಂಗ್ ಬರ್ಡ್ ನೋಡುವುದಕ್ಕಷ್ಟೇ ಪುಟ್ಟದು, ಜಗಳಕ್ಕೆ ನಿಂತರೆ ಗಿಡುಗನನ್ನೂ ಅಟ್ಟಿಸಿಕೊಂಡು ಹೋಗುತ್ತದೆ. ಆದರೆ ಬರಿದು ಹೂವಿಗಾಗಿ ಅದು ಎಂದೂ ಜಗಳವಾಡುವುದಿಲ್ಲ. ಹೊಟ್ಟೆ ತುಂಬಿಸುವ ಗಿಡ ಸಿಕ್ಕಾಗ ಮಾತ್ರ ಅದನ್ನು ತನ್ನದೆಂದು ಕಾಯುತ್ತದೆ. ಪರದೆಯ ಮೇಲೆ ಈಗ ಹಕ್ಕಿ ಹೂವಿನ ಮುಂದೆ ನಿಂತಿತ್ತು. ಕೊಕ್ಕು ಒಳಗಿಟ್ಟು ಹೀರಿತು, ಮುಂದಿನದಕ್ಕೆ ಹೋಯಿತು, ಅಲ್ಲಿಯೂ ಹೀರಿತು. ಹಣೆಯ ಮೇಲೆ ಹಳದಿ ಪರಾಗ ಸ್ಪಷ್ಟವಾಗಿ ಕಾಣುತ್ತಿತ್ತು. ಗುಂಯಿ, ಪಾಪ, ತನ್ನ ಸರದಿ ಬಂತೆಂದು ಮತ್ತೆ ಹತ್ತಿರ ಹೋಯಿತು. ಹಕ್ಕಿ ತಿರುಗಿ ಎದೆಗೇ ಗುದ್ದಿತು.

"ಹೊಡಿ! ಬಿಡಬ್ಯಾಡ, ಇನ್ನೊಂದು ಹೊಡಿ!" ಎಂದು ನಾನು ಕೂಗುತ್ತಿದ್ದೆ. ನಾನು ಕೈಯಾರೆ ಮಾಡಿದ ಯಂತ್ರದ ಮೇಲೆ ನಾನೇ ಹಕ್ಕಿಯನ್ನು ಛೂ ಬಿಡುತ್ತಿದ್ದೇನೆ ಎಂಬುದು ರೆಮೆದಿಯೋಸ್ ಬಾಗಿಲಲ್ಲಿ ನಿಂತು ಬಾಯಿ ಬಿಟ್ಟು ನೋಡಿದಾಗಲೇ ನನಗೆ ಗೊತ್ತಾದದ್ದು. ಕೆನ್ನೆಯೆಲ್ಲ ಒದ್ದೆಯಾಗಿತ್ತು. ಆಕೆ ಬಂದು ಪರದೆ ನೋಡಿದಳು, ಎದೆಯ ಮೇಲೆ ಶಿಲುಬೆ ಗುರುತು ಮಾಡಿಕೊಂಡಳು, ಆಮೇಲೆ ನನಗಿಂತ ಗಟ್ಟಿಯಾಗಿ ಕೂಗತೊಡಗಿದಳು.

ಅಷ್ಟರಲ್ಲಿ ಪಕ್ಕದ ಇಳಿಜಾರಿನಿಂದ ಇನ್ನೊಂದು ಎಚ್ಚರಿಕೆ ಬಂತು. ಅದರ ಹಿಂದೆಯೇ ಕಂದರದ ಬಾಯಿಂದ ಮತ್ತೊಂದು.

"ಕರಕೊಳ್ಳಲೇನ್ರೀ ಎಲ್ಲಾನೂ?" ಎಂದು ವೈರ್‌ಲೆಸ್‌ನಲ್ಲಿ ಕೇಳಿದೆ.

"ಹ್ಞೂಂ, ಕರಕೊ" ಎಂದರು ಫಕ್ಕೀರೇಶ. "ಬಡಿಸ್ಕೊಂಡು ಸಾಯ್ತಾವ ಪಾಪ. ಮನಿಗೆ ಕರಕೊ."

ಗುಂಡಿ ಒತ್ತಿದೆ. ಗುಡ್ಡದ ಮೂಲೆ ಮೂಲೆಯಿಂದ ಗುಂಯಿಗಳು ಎದ್ದು, ಸಾಲುಗಟ್ಟಿ ಬಂದು, ಗೋಡೆಯ ಗೂಡುಗಳಲ್ಲಿ ಒಂದೊಂದಾಗಿ ರೆಕ್ಕೆ ಮಡಚಿದವು. ಎದೆಗೆ ಗುದ್ದಿಸಿಕೊಂಡದ್ದು ಎಲ್ಲಕ್ಕಿಂತ ಕೊನೆಗೆ ಬಂತು. ಅದರ ಒಂದು ರೆಕ್ಕೆ ಸೀಳಿತ್ತು. ಅಂಗೈಯಲ್ಲಿ ಹಿಡಿದು ಧೂಳು ಒರೆಸಿದೆ. ರಿಪೇರಿ ಪೆಟ್ಟಿಗೆಯತ್ತ ಕೈ ಹೋಯಿತು. ಬೇಡವೆನ್ನಿಸಿ ಹಾಗೆಯೇ ಗೂಡಿನಲ್ಲಿಟ್ಟು, ಗುಡ್ಡಕ್ಕೆ ಹೊರಟೆ.